ಮರಳಿಗೂ ನಾಲ್ಕು ಕೈ ಉಂಟು, ಆದರೂ ಇಂಗಾಲವೇ ಏಕೆ?

ಪ್ರಶ್ನೆ: ನಾವು ಸಕಲೇಶಪುರದ ಕಡೆಯ ಸಣ್ಣ ಕಾಫಿ ಬೆಳೆಗಾರರು. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ‘ಇಂಗಾಲಕ್ಕೆ ನಾಲ್ಕು ಕೈಗಳಿವೆ, ಆದ್ದರಿಂದ ಅದು ತನ್ನೊಡನೆಯೂ ಬೇರೆ ಧಾತುಗಳೊಡನೆಯೂ ಸೇರಿ ಲೆಕ್ಕವಿಲ್ಲದಷ್ಟು ಸಂಯುಕ್ತಗಳನ್ನು ಕೊಡುತ್ತದೆ’ ಎಂದು ಬಾಯಿಪಾಠ ಮಾಡುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿ, ‘ಮರಳಿನಲ್ಲಿರುವ ಸಿಲಿಕಾನಿಗೂ ನಾಲ್ಕೇ ಕೈ ಅಲ್ಲವೇ ಅಪ್ಪಾ, ಅದೇಕೆ ಸುಮ್ಮನಿದೆ?’ ಎಂದು ಕೇಳಿದಳು. ನನಗೆ ಹೇಳಲು ಬರಲಿಲ್ಲ. ಜೊತೆಗೆ ನನ್ನದೂ ಎರಡು ಸಂಶಯಗಳಿವೆ. ಪೆನ್ಸಿಲ್ಲಿನ ಕಡ್ಡಿಯೂ ವಜ್ರವೂ ಒಂದೇ ವಸ್ತು ಎಂದರೆ ನಂಬುವುದು ಹೇಗೆ? ಕಾಫಿ ಬೀಜ ಹುರಿದಾಗ ಕಪ್ಪಾಗುತ್ತದಲ್ಲ, ಆ ಕಪ್ಪು ಇಂಗಾಲವೇ?

ಉತ್ತರ: ಮೊದಲು ಮಗಳ ಬೆನ್ನು ತಟ್ಟಿ. ಹಾಸನದಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಈ ‘ನಾಲ್ಕು ಕೈ’ಯ ಮಾತನ್ನು ಸಾವಿರ ಸಲವಾದರೂ ಹೇಳಿರಬೇಕು. ಸಿಲಿಕಾನಿಗೂ ನಾಲ್ಕಲ್ಲವೇ ಎಂದು ಎದ್ದು ನಿಂತು ಕೇಳಿದ ಮಕ್ಕಳನ್ನು ಬೆರಳಲ್ಲಿ ಎಣಿಸಬಹುದು. ಅವಳು ಹಿಡಿದದ್ದೇ ಸರಿಯಾದ ಎಳೆ. ನಾಲ್ಕು ಕೈ ಇದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ. ಹಿಡಿದ ಕೈ ಎಷ್ಟು ಬಿಗಿ, ಹೊರಗಿನಿಂದ ಬಂದವರು ಅದನ್ನು ಬಿಡಿಸಲು ಸಂದಿದೆಯೇ ಇಲ್ಲವೇ ಎಂಬುದನ್ನು ನೋಡಬೇಕು. ಆ ಎರಡನೆಯ ಮಾತನ್ನು ನಾವು ಮೇಷ್ಟರುಗಳು ಸಾಮಾನ್ಯವಾಗಿ ಹೇಳದೆ ಗಂಟೆ ಹೊಡೆಸಿಬಿಡುತ್ತೇವೆ.

‘ಕೈ’ ಎಂದರೇನು ಎಂಬುದನ್ನು ಬೇಗ ಮುಗಿಸುತ್ತೇನೆ. ಇಂಗಾಲದ ಪರಮಾಣುವಿಗೆ ಆರು ಎಲೆಕ್ಟ್ರಾನುಗಳು. ಎರಡು ಒಳಮನೆಯಲ್ಲಿ ಕೂತಿರುತ್ತವೆ, ಯಾರ ತಂಟೆಗೂ ಬರುವುದಿಲ್ಲ. ಉಳಿದ ನಾಲ್ಕು ಹೊರಗಿನ ಜಗಲಿಯ ಮೇಲೆ. ಜಗಲಿಯಲ್ಲಿ ಎಂಟು ಮಂದಿ ಕೂತರೆ ನೆಮ್ಮದಿ. ಸೋಡಿಯಂನ ಜಗಲಿಯಲ್ಲಿ ಇರುವುದು ಒಂದೇ ಎಲೆಕ್ಟ್ರಾನು. ಅದನ್ನು ಕ್ಲೋರಿನ್‌ಗೆ ದಾಟಿಸಿ ಕೈ ತೊಳೆದುಕೊಳ್ಳುತ್ತದೆ, ಅಡುಗೆಯ ಉಪ್ಪು ಹುಟ್ಟುತ್ತದೆ. ಇಂಗಾಲಕ್ಕೆ ಆ ದಾರಿಯಿಲ್ಲ. ನಾಲ್ಕನ್ನೂ ಕಿತ್ತು ಕೊಡುವುದು ದುಬಾರಿ, ಹೊರಗಿನಿಂದ ನಾಲ್ಕನ್ನು ತಂದು ಸಾಕುವುದೂ ದುಬಾರಿ. ಉಳಿದದ್ದು ಪಾಲುಗಾರಿಕೆ. ಎರಡು ಜಮೀನಿನ ಬದುವಿನ ಮೇಲೆ ಇಬ್ಬರು ಅರ್ಧರ್ಧ ಹಣ ಹಾಕಿ ಬಾವಿ ತೆಗೆಸಿದರೆ ಇಬ್ಬರೂ ಅದನ್ನು ‘ನಮ್ಮ ಬಾವಿ’ ಎನ್ನುತ್ತಾರಲ್ಲ, ಹಾಗೆ. ಆಚೆಯ ಪರಮಾಣು ಒಂದು ಎಲೆಕ್ಟ್ರಾನು ಹಾಕುತ್ತದೆ, ಈಚೆಯದು ಒಂದು. ಜೋಡಿಯನ್ನು ಇಬ್ಬರೂ ತಮ್ಮ ತಮ್ಮ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಪಠ್ಯದಲ್ಲಿ ಸಹವೇಲೆನ್ಸೀಯ ಬಂಧ ಎನ್ನುವುದು ಇದನ್ನೇ. ಎಲೆಕ್ಟ್ರಾನು ಜೋಡಿಯ ಈ ವಿವರಣೆಯನ್ನು 1916ರಲ್ಲಿ ಕೊಟ್ಟವರು ಅಮೆರಿಕದ ಜಿ.ಎನ್. ಲೂಯಿಸ್. ಸೋಜಿಗವೆಂದರೆ, ಇಂಗಾಲದ ಕೈ ನಾಲ್ಕು ಎಂದು ಜರ್ಮನಿಯ ಕೆಕುಲೆ ಮತ್ತು ಸ್ಕಾಟ್ಲೆಂಡಿನ ಕೂಪರ್ ಬೇರೆಬೇರೆಯಾಗಿ ಹೇಳಿದ್ದು 1858ರಲ್ಲಿ. ಎಲೆಕ್ಟ್ರಾನು ಎಂಬುದೊಂದು ಇದೆಯೆಂದು ಲೋಕಕ್ಕೆ ತಿಳಿದದ್ದೇ 1897ರಲ್ಲಿ. ಬರೀ ತೂಕ ಮಾಡಿ, ಲೆಕ್ಕ ಹಾಕಿ, ಕಾಣದ ಕೈಗಳನ್ನು ಎಣಿಸಿದ್ದರು.

ಈ ನಾಲ್ಕು ಕೈಗಳು ಯಾವ ದಿಕ್ಕಿಗೆ ಚಾಚಿವೆ? ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೀಥೇನನ್ನು ಕರಿಹಲಗೆಯ ಮೇಲೆ ಕೂಡುವ ಚಿಹ್ನೆಯ ಹಾಗೆ ಬರೆಯುತ್ತಿದ್ದೆ. ನಡುವೆ ಇಂಗಾಲ, ಮೇಲೆ ಕೆಳಗೆ ಎಡಕ್ಕೆ ಬಲಕ್ಕೆ ಒಂದೊಂದು ಜಲಜನಕ. ಒಂದು ದಿನ ಪರೀಕ್ಷೆಯಲ್ಲಿ, ಎರಡು ಜಲಜನಕವನ್ನು ತೆಗೆದು ಎರಡು ಕ್ಲೋರಿನ್ ಹಾಕಿದರೆ ಎಷ್ಟು ಬಗೆಯ ವಸ್ತುಗಳು ಬರುತ್ತವೆ ಎಂದು ಕೇಳಿದೆ. ತರಗತಿಯ ಮುಕ್ಕಾಲು ಪಾಲು ಮಕ್ಕಳು ‘ಎರಡು’ ಎಂದು ಬರೆದರು: ಕ್ಲೋರಿನ್‌ಗಳು ಪಕ್ಕಪಕ್ಕ ಕೂತರೆ ಒಂದು, ಎದುರುಬದುರು ಕೂತರೆ ಇನ್ನೊಂದು. ನನ್ನ ಚಿತ್ರದ ಪ್ರಕಾರ ಅವರದ್ದೇ ಸರಿ. ಆದರೆ ಲೋಕದಲ್ಲಿ ಡೈಕ್ಲೋರೋಮೀಥೇನ್ ಇರುವುದು ಒಂದೇ ಒಂದು. ಎಲ್ಲರಿಗೂ ಅಂಕ ಕೊಟ್ಟು, ಮರುದಿನ ಸಂತೆಯಿಂದ ಆಲೂಗಡ್ಡೆ ತಂದೆ.

ಹಾಸನದವನಿಗೆ ಆಲೂಗಡ್ಡೆಯಲ್ಲದೆ ಮತ್ತೇನು ಹೊಳೆಯಬೇಕು? ನೀವೂ ಮಾಡಿ ನೋಡಿ. ದೊಡ್ಡ ಗೋಲಿಯಷ್ಟು ಗಾತ್ರದ ಆಲೂಗಡ್ಡೆ ಒಂದು ಇಂಗಾಲ. ತೆಂಗಿನ ಪೊರಕೆಯ ಕಡ್ಡಿಗಳನ್ನು ಬೆರಳುದ್ದಕ್ಕೆ ಮುರಿದುಕೊಳ್ಳಿ. ನಾಲ್ಕು ಕಡ್ಡಿಗಳನ್ನು, ಒಂದಕ್ಕೊಂದು ಆದಷ್ಟೂ ದೂರ ಇರುವಂತೆ ಆಲೂಗಡ್ಡೆಗೆ ಚುಚ್ಚಲು ಮಗಳಿಗೆ ಹೇಳಿ. ಮೊದಲು ಅವಳೂ ಕೂಡುವ ಚಿಹ್ನೆಯನ್ನೇ ಮಾಡುತ್ತಾಳೆ. ಆಮೇಲೆ ಒಂದು ಕಡ್ಡಿಯನ್ನು ಮೇಲಕ್ಕೆತ್ತಿ, ಉಳಿದ ಮೂರನ್ನು ಕೆಳಗೆ ಮುಕ್ಕಾಲಿಯ ಕಾಲಿನಂತೆ ಅಗಲಿಸಿದರೆ ಇನ್ನೂ ಹೆಚ್ಚು ಜಾಗ ಸಿಗುತ್ತದೆ ಎಂದು ತಾನಾಗಿಯೇ ಕಂಡುಕೊಳ್ಳುತ್ತಾಳೆ. ಯಾವ ಎರಡು ಕಡ್ಡಿಗಳ ನಡುವೆ ಅಳೆದರೂ ಕೋನ ಸುಮಾರು 109.5 ಡಿಗ್ರಿ. ಎಲೆಕ್ಟ್ರಾನು ಜೋಡಿಗಳು ಒಂದನ್ನೊಂದು ದೂಡುತ್ತವೆ, ಆದ್ದರಿಂದಲೇ ಈ ಭಂಗಿ. ಈಗ ಎರಡು ಕಡ್ಡಿಗಳ ತುದಿಗೆ ನೆನೆಸಿದ ಕಡಲೆಕಾಳು, ಇನ್ನೆರಡಕ್ಕೆ ಪುಟ್ಟ ಟೊಮೆಟೊ ಚುಚ್ಚಿ. ಹಾಗೇ ಇನ್ನೊಂದು ಮಾದರಿಯನ್ನು ಬೇಕೆಂದೇ ಬೇರೆ ರೀತಿ ಜೋಡಿಸಿ. ಕೈಯಲ್ಲಿ ತಿರುಗಿಸುತ್ತಾ ಹೋದರೆ ಎರಡೂ ಒಂದೇ ಎಂದು ಗೊತ್ತಾಗುತ್ತದೆ. 1874ರಲ್ಲಿ ಹಾಲೆಂಡಿನ ವಾಂಟ್ ಹಾಫ್, ಫ್ರಾನ್ಸಿನ ಲೆ ಬೆಲ್ ಎಂಬ ಇಬ್ಬರು ಯುವಕರು ಇಂಗಾಲಕ್ಕೆ ಈ ಆಕಾರವನ್ನು ಕೊಟ್ಟಾಗ ಹಿರಿಯ ವಿಜ್ಞಾನಿಗಳು ಗೇಲಿ ಮಾಡಿದ್ದರು. ರಸಾಯನಶಾಸ್ತ್ರಕ್ಕೆ ಕೊಟ್ಟ ಮೊಟ್ಟಮೊದಲ ನೊಬೆಲ್, 1901ರದ್ದು, ಬೇರೆ ಕೆಲಸಕ್ಕಾಗಿ ಅದೇ ವಾಂಟ್ ಹಾಫ್‌ಗೆ ಹೋಯಿತು.

ದಿಕ್ಕು ಏಕೆ ಅಷ್ಟು ಮುಖ್ಯ ಎನ್ನುವುದಕ್ಕೆ ಸಾಕ್ಷಿ ನಿಮ್ಮ ಕೈಯಲ್ಲೇ ಇದೆ. ಚುಚ್ಚಿಸಿಕೊಂಡ ಆಲೂಗಡ್ಡೆಯಲ್ಲಿರುವುದು ಪಿಷ್ಟ. ಚುಚ್ಚಿದ ಕಡ್ಡಿಯ ಮುಖ್ಯ ಅಂಶ ಸೆಲ್ಯುಲೋಸ್. ಎರಡೂ ಗ್ಲೂಕೋಸ್ ಎಂಬ ಒಂದೇ ಸಕ್ಕರೆಯ ಮಣಿಗಳನ್ನು ಪೋಣಿಸಿದ ಸರಗಳು. ಪ್ರತಿ ಮಣಿಯಲ್ಲೂ ಒಂದು ನಿರ್ದಿಷ್ಟ ಇಂಗಾಲದ ಮೇಲೆ, ಮುಂದಿನ ಮಣಿಯನ್ನು ಹಿಡಿದ ಕೈ ಪಿಷ್ಟದಲ್ಲಿ ಒಂದು ಕಡೆ ತಿರುಗಿದೆ, ಸೆಲ್ಯುಲೋಸಿನಲ್ಲಿ ಇನ್ನೊಂದು ಕಡೆ. ಅಷ್ಟೇ ವ್ಯತ್ಯಾಸ. ನಮ್ಮ ಜೊಲ್ಲಿನ ಕಿಣ್ವಕ್ಕೆ ಮೊದಲನೆಯದನ್ನು ಬಿಡಿಸಲು ಬರುತ್ತದೆ, ಎರಡನೆಯದನ್ನು ಬಿಡಿಸಲು ಬರುವುದಿಲ್ಲ. ಆದ್ದರಿಂದ ಆಲೂಗಡ್ಡೆ ಪಲ್ಯಕ್ಕೆ, ಕಡ್ಡಿ ಪೊರಕೆಗೆ.

ಈಗ ಮಗಳ ಪ್ರಶ್ನೆಗೆ ಬರೋಣ. ಮುಂದಿನ ಸಲ ಬೇಲೂರಿಗೆ ಹೋದಾಗ ಚೆನ್ನಕೇಶವನ ಗುಡಿಯ ಮುಂದೆ ಅವಳನ್ನು ನಿಲ್ಲಿಸಿ ಈ ಭಾಗವನ್ನು ಓದಿಸಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಆ ಗುಡಿಯ ಬಳಪದ ಕಲ್ಲು ಸಿಲಿಕಾನಿನ ಸಂಸಾರ. ಸಿಲಿಕಾನಿಗೆ ಅಲ್ಲಿ ನಾಲ್ಕು ಕೈಗಳೂ ಇವೆ, ಅದೇ ಮುಕ್ಕಾಲಿಯ ಭಂಗಿಯೂ ಇದೆ. ಆದರೆ ಶಿಲಾಬಾಲಿಕೆಯ ಕೈಬಳೆಯಿಂದ ಹಿಡಿದು ಜಗತಿಯ ತಳದವರೆಗೆ ಹುಡುಕಿದರೂ, ಒಂದು ಸಿಲಿಕಾನ್ ಪರಮಾಣು ಇನ್ನೊಂದು ಸಿಲಿಕಾನಿನ ಕೈಯನ್ನು ನೇರವಾಗಿ ಹಿಡಿದಿರುವುದು ಸಿಗುವುದಿಲ್ಲ. ಪ್ರತಿ ಎರಡು ಸಿಲಿಕಾನ್‌ಗಳ ನಡುವೆಯೂ ಒಂದು ಆಮ್ಲಜನಕ ನಿಂತಿದೆ. ಹೇಮಾವತಿಯ ಮರಳಿನಲ್ಲೂ ಇದೇ ಕಥೆ, ಕಿಟಕಿಯ ಗಾಜಿನಲ್ಲೂ ಇದೇ.

ಏಕೆ ಹೀಗೆ? ಬಂಧವನ್ನು ಮುರಿಯಲು ಎಷ್ಟು ಶಕ್ತಿ ಬೇಕೆಂದು ಅಳೆದಿದ್ದಾರೆ. ಒಂದು ಮೋಲ್ (ಪರಮಾಣು, ಬಂಧಗಳನ್ನು ರಾಶಿಯಾಗಿ ಎಣಿಸುವ ಅಳತೆ) ಲೆಕ್ಕದಲ್ಲಿ, ಇಂಗಾಲ ಇಂಗಾಲವನ್ನು ಹಿಡಿದ ಒಂಟಿ ಬಂಧಕ್ಕೆ ಸುಮಾರು 350 ಕಿಲೋಜೌಲ್. ಇಂಗಾಲ ಆಮ್ಲಜನಕವನ್ನು ಹಿಡಿದದ್ದಕ್ಕೆ ಸುಮಾರು 360. ಹೆಚ್ಚುಕಡಿಮೆ ಸಮ. ಇಂಗಾಲಕ್ಕೆ ತನ್ನವರೂ ಒಂದೇ, ಪರರೂ ಒಂದೇ. ಸಿಲಿಕಾನ್ ಸಿಲಿಕಾನನ್ನು ಹಿಡಿದದ್ದಕ್ಕೆ ಸುಮಾರು 220 ಸಾಕು, ಆದರೆ ಆಮ್ಲಜನಕವನ್ನು ಹಿಡಿದದ್ದನ್ನು ಬಿಡಿಸಲು ಸುಮಾರು 450 ಬೇಕು. ಆಮ್ಲಜನಕ ಹತ್ತಿರ ಸುಳಿದರೆ ಸಾಕು, ಸಿಲಿಕಾನ್ ಒಡಹುಟ್ಟಿದವನ ಕೈ ಬಿಟ್ಟು ಅತ್ತ ಓಡುತ್ತದೆ. ನಮ್ಮ ಭೂಮಿಯ ಮೇಲೆ ಆಮ್ಲಜನಕಕ್ಕೇನು ಬರವೇ? ಹಾಗಾಗಿ ಸಿಲಿಕಾನಿನ ಹಣೆಯಲ್ಲಿ ಕಲ್ಲಾಗುವುದೇ ಬರೆದಿತ್ತು.

ಸಿಲಿಕಾನ್ ತನ್ನ ಕೈ ತಾನೇ ಹಿಡಿಯುವುದೇ ಇಲ್ಲ ಎಂದು ಮಾತ್ರ ಬರೆಯಬೇಡಿ. ಮೊಬೈಲಿನ ಚಿಪ್‌ಗೆ ಬಳಸುವ ಶುದ್ಧ ಸಿಲಿಕಾನ್ ಹರಳಿನಲ್ಲಿ ಪರಮಾಣುಗಳು ವಜ್ರದಲ್ಲಿರುವಂತೆಯೇ ಒಂದನ್ನೊಂದು ಹಿಡಿದಿರುತ್ತವೆ. ಅದನ್ನು ಮರಳಿನಿಂದ ಬಿಡಿಸಿ ತೆಗೆಯಲು ಕುಲುಮೆಯ ಬೆಂಕಿ ಬೇಕು, ಮತ್ತು ಆಮ್ಲಜನಕವನ್ನು ಕಿತ್ತುಕೊಳ್ಳಲು ಅಲ್ಲಿಯೂ ಕರೆಯುವುದು ಇಂಗಾಲವನ್ನೇ. ಅಷ್ಟಾದರೂ ಗಾಳಿ ತಗುಲಿದೊಡನೆ ಮೇಲ್ಮೈಯಲ್ಲಿ ಆಕ್ಸೈಡಿನ ತೆಳುಪದರ ಕೂತುಬಿಡುತ್ತದೆ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಲೆಕ್ಕಕ್ಕೆ ಬಂದರೆ ಇಂಗಾಲದ ಸಂಯುಕ್ತಗಳಿಗೂ ಆಮ್ಲಜನಕದೊಡನೆ ಉರಿದು ಹೋಗುವುದೇ ಲಾಭ. ನಿಮ್ಮ ಮನೆಯ ಹಲಸಿನ ಮರದ ಬಾಗಿಲು ಗಾಳಿಯಲ್ಲೇ ನಿಂತಿದೆ, ಉರಿದರೆ ಶಕ್ತಿ ಬಿಡುಗಡೆಯಾಗುತ್ತದೆ, ಆದರೂ ನೂರು ವರ್ಷ ಬಾಗಿಲಾಗಿಯೇ ಇರುತ್ತದೆ. ಏಕೆ? ಇಂಗಾಲದ ಜಗಲಿ ಚಿಕ್ಕದು. ನಾಲ್ಕು ಜೋಡಿ ಕೂತ ಮೇಲೆ ಐದನೆಯವರಿಗೆ ಕಾಲಿಡಲು ಜಾಗವಿಲ್ಲ. ಯಾರ ಜೊತೆಗೂ ಸೇರದೆ ಉಳಿದ ಎಲೆಕ್ಟ್ರಾನು ಜೋಡಿಯೂ ಇಲ್ಲ. ಹೊರಗಿನವರು ಒಳಗೆ ನುಸುಳಬೇಕಾದರೆ ಮೊದಲು ಇದ್ದ ಬಂಧವೊಂದು ಸಡಿಲವಾಗಬೇಕು. ಅದಕ್ಕೆ ಕಿಡಿ ಬೇಕು, ಇಲ್ಲವೇ ಕಿಣ್ವ ಬೇಕು. ಸಿಲಿಕಾನ್ ದಪ್ಪ ಪರಮಾಣು. ಐದನೆಯ, ಆರನೆಯ ನೆಂಟನೂ ಬಂದು ಅಂಚಿಗೆ ಕೂರಬಹುದು. ಕೂತವನು ಆಮೇಲೆ ಒಳಗಿದ್ದವನನ್ನು ಹೊರದಬ್ಬುತ್ತಾನೆ. ಮೀಥೇನ್ ಗಾಳಿಯೊಡನೆ ಬೆರೆತರೂ ಬೆಂಕಿಕಡ್ಡಿ ಗೀರುವ ತನಕ ಕಾಯುತ್ತದೆ. ಸಿಲಿಕಾನಿನ ಅಂಥದ್ದೇ ಸಂಯುಕ್ತ ಸಿಲೇನ್, ಗಾಳಿ ಕಂಡೊಡನೆ ತಾನೇ ಹೊತ್ತಿಕೊಳ್ಳುತ್ತದೆ. ಕಾರ್ಬನ್ ಟೆಟ್ರಾಕ್ಲೋರೈಡನ್ನು ನೀರಿಗೆ ಸುರಿದರೆ ಎಣ್ಣೆಯ ಹಾಗೆ ಬೇರೆಯಾಗಿ ತಳದಲ್ಲಿ ಕೂರುತ್ತದೆ. ಸಿಲಿಕಾನ್ ಟೆಟ್ರಾಕ್ಲೋರೈಡ್ ನೀರು ತಾಗಿದೊಡನೆ ಬುಸುಗುಟ್ಟಿ ಹೊಗೆಯಾಡುತ್ತದೆ.

ಪಕ್ಕದ ಮನೆಯ ಸಾರಜನಕ, ಆಮ್ಲಜನಕಗಳೂ ಚಿಕ್ಕವೇ, ಅವೇಕೆ ಉದ್ದದ ಸರ ಕಟ್ಟುವುದಿಲ್ಲ ಎಂದು ಅವಳು ಮುಂದಿನ ಪ್ರಶ್ನೆ ಕೇಳಬಹುದು. ಅವುಗಳ ಬಳಿ ಪಾಲಿಗೆ ಹಾಕದ ಒಂಟಿ ಜೋಡಿಗಳಿವೆ. ಎರಡು ಆಮ್ಲಜನಕಗಳು ಒಂಟಿ ಬಂಧದಿಂದ ಹತ್ತಿರ ಬಂದರೆ ಆ ಜೋಡಿಗಳು ಮುಖಾಮುಖಿಯಾಗಿ ಒಂದನ್ನೊಂದು ನೂಕುತ್ತವೆ. ಬಂಧದ ಬಲ ಸುಮಾರು 145ಕ್ಕೆ ಇಳಿಯುತ್ತದೆ. ಗಾಯಕ್ಕೆ ಹಾಕಿದ ಹೈಡ್ರೋಜನ್ ಪೆರಾಕ್ಸೈಡ್ ನೊರೆಯುಕ್ಕಿ ಒಡೆಯುವುದು ಅದರಿಂದಲೇ. ಗಂಧಕ ಎಂಟೆಂಟು ಪರಮಾಣುಗಳ ಉಂಗುರ ಕಟ್ಟುತ್ತದೆ, ಅದಕ್ಕೊಂದು ನಮಸ್ಕಾರ. ಆದರೆ ಸರ, ಕವಲು, ಉಂಗುರ ಎಲ್ಲವನ್ನೂ ಮಾಡಿ, ಅದರ ಮೇಲೆ ಬೇರೆಯವರನ್ನೂ ಕೂರಿಸಿಕೊಂಡು ಗಟ್ಟಿಯಾಗಿ ನಿಲ್ಲುವುದು ಇಂಗಾಲವೊಂದೇ. ಹತ್ತು ಇಂಗಾಲ, ಇಪ್ಪತ್ತೆರಡು ಜಲಜನಕಗಳನ್ನು 75 ರೀತಿಯಲ್ಲಿ ಜೋಡಿಸಬಹುದು. ಇಂಗಾಲವನ್ನು ಇಪ್ಪತ್ತಕ್ಕೆ ಏರಿಸಿದರೆ ಜೋಡಣೆಗಳ ಸಂಖ್ಯೆ 3,66,319. ಇನ್ನೂ ಆಮ್ಲಜನಕ, ಸಾರಜನಕಗಳನ್ನು ಮುಟ್ಟಿಯೇ ಇಲ್ಲ.

ಎರಡು ಕೈ ಹಿಡಿಯುವ ವಿಷಯವನ್ನೂ ಸೇರಿಸಬೇಕು. ಇಂಗಾಲ ಒಬ್ಬನನ್ನೇ ಎರಡು ಅಥವಾ ಮೂರು ಕೈಗಳಿಂದ ಹಿಡಿಯಬಲ್ಲದು: ದ್ವಿಬಂಧ, ತ್ರಿಬಂಧ. ಎರಡನೆಯ ಕೈ ಪಕ್ಕದಿಂದ ಬಳಸಿ ಹಿಡಿಯುವಂಥದ್ದು, ಪರಮಾಣುಗಳು ತೀರ ಹತ್ತಿರವಿದ್ದರೆ ಮಾತ್ರ ಎಟುಕುತ್ತದೆ. ಇಂಗಾಲ ಚಿಕ್ಕದಾದ್ದರಿಂದ ಎಟುಕುತ್ತದೆ, ಸಿಲಿಕಾನಿಗೆ ಸರಿಯಾಗಿ ಎಟುಕುವುದಿಲ್ಲ. ಇದರ ಫಲವನ್ನು ನೋಡಿ. ಇಂಗಾಲ ಎರಡು ಆಮ್ಲಜನಕಗಳನ್ನು ಎರಡೆರಡು ಕೈಗಳಿಂದ ಹಿಡಿದು ಅಲ್ಲಿಗೇ ಲೆಕ್ಕ ಮುಗಿಸುತ್ತದೆ. ಸಿಗುವುದು ಬಿಡಿಬಿಡಿಯಾದ ಪುಟ್ಟ ಅಣು, ನಾವು ಉಸಿರಿನಲ್ಲಿ ಹೊರಬಿಡುವ ಅನಿಲ. ಸಿಲಿಕಾನ್ ನಾಲ್ಕು ಆಮ್ಲಜನಕಗಳಿಗೆ ಒಂದೊಂದೇ ಕೈ ಕೊಡುತ್ತದೆ, ಆ ಆಮ್ಲಜನಕಗಳು ತಮ್ಮ ಇನ್ನೊಂದು ಕೈಯಿಂದ ಪಕ್ಕದ ಸಿಲಿಕಾನನ್ನು ಹಿಡಿಯುತ್ತವೆ, ಕೊನೆಯಿಲ್ಲದ ಜಾಲವಾಗಿ ಮರಳಿನ ಕಣ ಹುಟ್ಟುತ್ತದೆ. ಸೂತ್ರ ಎರಡಕ್ಕೂ ಒಂದೇ ರೀತಿ: ಒಂದು ಪರಮಾಣುವಿಗೆ ಎರಡು ಆಮ್ಲಜನಕ. ಒಂದನ್ನು ಉಸಿರಾಡುತ್ತೇವೆ, ಇನ್ನೊಂದರಿಂದ ಮನೆ ಕಟ್ಟುತ್ತೇವೆ.

ವಜ್ರ ಮತ್ತು ಪೆನ್ಸಿಲ್ ಈಗ ಸುಲಭ. ನಂಬುವುದು ಹೇಗೆ ಎಂದಿರಿ. ಸುಟ್ಟು ನೋಡಿ ನಂಬಿದರು. 1797ರಲ್ಲಿ ಇಂಗ್ಲೆಂಡಿನ ಸ್ಮಿತ್‌ಸನ್ ಟೆನಂಟ್ ವಜ್ರವನ್ನು ಉರಿಸಿ, ಬಂದ ಇಂಗಾಲದ ಡೈಆಕ್ಸೈಡನ್ನು ಅಳೆದ. ಅಷ್ಟೇ ತೂಕದ ಇದ್ದಿಲು ಉರಿಸಿದರೆ ಬರುವಷ್ಟೇ ಬಂತು. ಬೇರೇನೂ ಉಳಿಯಲಿಲ್ಲ, ವಜ್ರವೂ ಉಳಿಯಲಿಲ್ಲ.

ವಜ್ರದಲ್ಲಿ ಪ್ರತಿ ಇಂಗಾಲವೂ ಮುಕ್ಕಾಲಿಯ ಭಂಗಿಯಲ್ಲಿ ನಾಲ್ಕು ಇಂಗಾಲಗಳನ್ನು ಹಿಡಿದಿದೆ. ಯಾವ ದಿಕ್ಕಿನಿಂದ ತಳ್ಳಿದರೂ ಎದುರಿಗೊಂದು ಬಂಧ ಅಡ್ಡ ನಿಲ್ಲುತ್ತದೆ. ಪೆನ್ಸಿಲ್ಲಿನ ಗ್ರಾಫೈಟಿನಲ್ಲಿ ಪ್ರತಿ ಇಂಗಾಲವೂ ಮೂವರನ್ನು ಮಾತ್ರ ಹಿಡಿದು, ಜೇನಿನ ಹಲ್ಲೆಯ ಹಾಗೆ ಆರುಮೂಲೆಯ ಹಾಳೆ ನೇಯ್ದಿದೆ. ನಾಲ್ಕನೆಯ ಎಲೆಕ್ಟ್ರಾನು ಯಾರೊಬ್ಬರಿಗೂ ಕಟ್ಟುಬೀಳದೆ ಇಡೀ ಹಾಳೆಯಲ್ಲಿ ಓಡಾಡುತ್ತದೆ. ಅದರಿಂದ ಗ್ರಾಫೈಟಿಗೆ ಆ ಕಪ್ಪು ಮಿಂಚು, ಅದರಿಂದಲೇ ಅದರಲ್ಲಿ ವಿದ್ಯುತ್ ಹರಿಯುತ್ತದೆ. ಪೆನ್ಸಿಲ್ಲಿನ ಎರಡೂ ತುದಿ ಚೂಪು ಮಾಡಿ, ಎರಡು ಟಾರ್ಚ್ ಸೆಲ್ಲು ಮತ್ತು ಒಂದು ಪುಟ್ಟ ಎಲ್‌ಇಡಿ ದೀಪದ ನಡುವೆ ಇಟ್ಟು ನೋಡಿ, ದೀಪ ಹತ್ತುತ್ತದೆ.

ಒಂದು ಹಾಳೆಯೊಳಗೆ ಇಂಗಾಲಗಳ ನಡುವಿನ ಅಂತರ 0.142 ನ್ಯಾನೋಮೀಟರ್. ವಜ್ರದಲ್ಲಿ 0.154. ಅಂದರೆ ಮೆತ್ತಗಿನ ಗ್ರಾಫೈಟಿನ ಹಾಳೆಯೊಳಗಿನ ಹಿಡಿತ ವಜ್ರದ ಹಿಡಿತಕ್ಕಿಂತ ಬಿಗಿ! ಇದನ್ನು ಕೇಳಿದಾಗ ಮಕ್ಕಳ ಮುಖ ನೋಡಬೇಕು. ಮೆತ್ತಗಾಗಿರುವುದು ಹಾಳೆಯಲ್ಲ, ಹಾಳೆ ಹಾಳೆಯ ನಡುವೆ. ಅಲ್ಲಿ ಅಂತರ 0.335 ನ್ಯಾನೋಮೀಟರ್, ಬಂಧವೆನ್ನುವಂಥದ್ದಿಲ್ಲ, ಮೆಲುವಾದ ಸೆಳೆತ ಮಾತ್ರ. ಕಾಗದದ ಮೇಲೆ ಎಳೆದರೆ ಹಾಳೆಗಳು ಜಾರಿ ಅಂಟಿಕೊಳ್ಳುತ್ತವೆ, ಅದನ್ನೇ ಬರವಣಿಗೆ ಎನ್ನುತ್ತೇವೆ. ಬಳಪವೂ ಹಾಗೆಯೇ, ಅದು ಸಿಲಿಕಾನ್ ಮತ್ತು ಆಮ್ಲಜನಕ ನೇಯ್ದ ಪದರಗಳ ರಾಶಿ, ಸ್ಲೇಟಿನ ಮೇಲೆ ಎಳೆದರೆ ಪದರ ಜಾರುತ್ತದೆ. ಹೊಯ್ಸಳರ ಶಿಲ್ಪಿಗೆ ಕಲ್ಲಿನಲ್ಲಿ ಅಷ್ಟು ಕುಸುರಿ ಸಾಧ್ಯವಾದದ್ದರ ಹಿಂದೆ ಇರುವುದೂ ಪದರಪದರವಾದ ಅದೇ ಮೆತ್ತನೆಯ ಗುಣ. ಅಂದ ಹಾಗೆ, ನಮ್ಮಲ್ಲಿ ಇನ್ನೂ ‘ಸೀಸದ ಕಡ್ಡಿ’ ಎನ್ನುವವರಿದ್ದಾರೆ. ಅದರಲ್ಲಿ ಸೀಸ ಲವಲೇಶವೂ ಇಲ್ಲ, ಗ್ರಾಫೈಟು ಮತ್ತು ಜೇಡಿಮಣ್ಣು ಅಷ್ಟೇ. ಗ್ರಾಫೈಟಿನ ಒಂದೇ ಒಂದು ಹಾಳೆಯನ್ನು 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅಂಟುಪಟ್ಟಿ ಹಚ್ಚಿ ಎಬ್ಬಿಸಿ ತೆಗೆದವರಿಗೆ 2010ರ ನೊಬೆಲ್ ಬಂತು. ಅರವತ್ತು ಇಂಗಾಲಗಳ ಫುಟ್‌ಬಾಲ್ ಆಕಾರದ ಅಣು ಅದಕ್ಕೂ ಮೊದಲು, 1985ರಲ್ಲಿ ಸಿಕ್ಕಿತ್ತು.

ಬೇರೆ ಧಾತುಗಳೊಡನೆ ಇಂಗಾಲದ ಒಡನಾಟಕ್ಕೆ ಉದಾಹರಣೆ ಬೇಕಾದರೆ ನಿಮ್ಮ ಉಗ್ರಾಣದಲ್ಲೇ ಯೂರಿಯಾ ಚೀಲವಿದೆ. ಅದರ ಅಣುವಿನ ನಡುವೆ ಒಂದೇ ಒಂದು ಇಂಗಾಲ. ಎರಡು ಕೈಗಳಿಂದ ಆಮ್ಲಜನಕವನ್ನು ಹಿಡಿದಿದೆ, ಉಳಿದ ಎರಡರಿಂದ ಎರಡು ಸಾರಜನಕಗಳನ್ನು. ಸಾರಜನಕಗಳಿಗೆ ಎರಡೆರಡು ಜಲಜನಕ. ತೂಕ ಕೂಡಿಸಿದರೆ 60, ಅದರಲ್ಲಿ ಸಾರಜನಕದ ಪಾಲು 28. ಚೀಲದ ಮೇಲೆ 46 ಎಂದು ಏಕೆ ಅಚ್ಚಾಗಿದೆ ಎಂದು ಮಗಳು ಈಗ ಲೆಕ್ಕ ಮಾಡಿ ತೋರಿಸಬಲ್ಲಳು. ಜೀವಿಗಳ ದೇಹದಲ್ಲಿ ಮಾತ್ರ ಹುಟ್ಟುತ್ತದೆ ಎಂದುಕೊಂಡಿದ್ದ ಈ ಯೂರಿಯಾವನ್ನು 1828ರಲ್ಲಿ ಜರ್ಮನಿಯ ವೋಲರ್ ಗಾಜಿನ ಪಾತ್ರೆಯಲ್ಲಿ ತಯಾರಿಸಿದ. ಸಾವಯವ ರಸಾಯನಶಾಸ್ತ್ರದ ಕಥೆಯನ್ನು ಎಲ್ಲರೂ ಅಲ್ಲಿಂದಲೇ ಶುರುಮಾಡುತ್ತಾರೆ. ಆದರೆ ಸಾವಯವ ಕೃಷಿ ಮಾಡುವವರು ಅದೇ ಯೂರಿಯಾವನ್ನು ತೋಟದ ಬೇಲಿಯೊಳಗೆ ಬಿಡುವುದಿಲ್ಲ. ಒಂದೇ ಪದ, ಎರಡು ಲೋಕ. ಪರೀಕ್ಷೆಯಲ್ಲಿ ಗೊಂದಲ ಮಾಡಿಕೊಳ್ಳಬಾರದು.

ಅಡುಗೆಮನೆಯಲ್ಲಿ ಇನ್ನೆರಡು. ಅಡುಗೆ ಅನಿಲದ ಪ್ರೊಪೇನ್, ಬ್ಯೂಟೇನ್‌ಗಳು ಇಂಗಾಲ ಮತ್ತು ಜಲಜನಕ ಮಾತ್ರ, ಅವಕ್ಕೆ ವಾಸನೆಯಿಲ್ಲ. ಸೋರಿದರೆ ಮೂಗಿಗೆ ಬಡಿಯಲಿ ಎಂದು ಬೆರೆಸುವುದು ಇಂಗಾಲ ಗಂಧಕವನ್ನು ಹಿಡಿದ ಮರ್‌ಕ್ಯಾಪ್ಟನ್. ದೋಸೆಯ ನಾನ್‌ಸ್ಟಿಕ್ ಕಾವಲಿಯ ಲೇಪ ಇಂಗಾಲ ಮತ್ತು ಫ್ಲೋರಿನ್‌ನದು. ಆ ಹಿಡಿತ ಇಂಗಾಲದ ಒಂಟಿ ಬಂಧಗಳಲ್ಲೇ ಅತಿ ಗಟ್ಟಿಯಾದವುಗಳಲ್ಲಿ ಒಂದು. ಫ್ಲೋರಿನ್‌ಗಳು ಸರದ ಸುತ್ತ ಕವಚದ ಹಾಗೆ ಕೂತಿರುವುದರಿಂದ ಹಿಟ್ಟಿಗೆ ಅಂಟಲು ಏನೂ ಸಿಗುವುದಿಲ್ಲ.

ಮೂರನೆಯದನ್ನು ಎಚ್ಚರಿಕೆಯಾಗಿ ಹೇಳುತ್ತೇನೆ. ಮಲೆನಾಡಿನ ಮಳೆಗಾಲದಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಅಗ್ಗಿಷ್ಟಿಕೆಯ ಕೆಂಡ ಇಟ್ಟು ಮಲಗುವ ರೂಢಿ ಇನ್ನೂ ಕೆಲವರಲ್ಲಿದೆ. ಗಾಳಿ ಸಾಲದೆ ಉರಿದ ಇಂಗಾಲ ಒಂದೇ ಆಮ್ಲಜನಕಕ್ಕೆ ತೃಪ್ತಿಪಟ್ಟು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಇದರ ಇಂಗಾಲದ ತುದಿಯಲ್ಲಿ, ಪಾಲಿಗೆ ಹಾಕದ ಒಂದು ಎಲೆಕ್ಟ್ರಾನು ಜೋಡಿ ಉಳಿದಿರುತ್ತದೆ. ಮೇಲೆ ಹೇಳಿದ ನಿಯಮಕ್ಕೆ ಇದೊಂದು ಅಪವಾದ, ಅಪಾಯವೂ ಅಲ್ಲೇ ಇದೆ. ಆ ಜೋಡಿ ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣವನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಒಲವಿನಿಂದ ಹಿಡಿದುಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಗೊತ್ತೂ ಆಗುವುದಿಲ್ಲ. ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರಿನದೂ ಇದೇ ಅಪಾಯ. ಚಳಿಯಾದರೂ ಸರಿ, ಕಿಟಕಿ ತೆರೆದಿರಲಿ.

ಕೊನೆಗೆ ಕಾಫಿ. ಹುರಿದ ಬೀಜದ ಕಪ್ಪು ಇದ್ದಿಲಿನ ಕಪ್ಪಲ್ಲ. ಹಸಿ ಬೀಜದ ಅರ್ಧದಷ್ಟು ತೂಕ ಸೆಲ್ಯುಲೋಸಿನಂಥ ಸಕ್ಕರೆಯ ಉದ್ದ ಸರಗಳದ್ದು; ಜೊತೆಗೆ ಬಿಡಿ ಸಕ್ಕರೆ, ಪ್ರೋಟೀನು, ಎಣ್ಣೆ, ಕ್ಲೋರೋಜೆನಿಕ್ ಆಮ್ಲ. ಬಾಣಲೆ ಕಾದಂತೆ ಮೊದಲು ತೇವ ಹೋಗುತ್ತದೆ, ಹಸುರು ಬೀಜ ಹಳದಿಯಾಗುತ್ತದೆ. ಆಮೇಲೆ ಸಕ್ಕರೆಗಳೂ ಪ್ರೋಟೀನಿನ ತುಣುಕುಗಳೂ ಒಂದಕ್ಕೊಂದು ಬೆಸೆಯತೊಡಗುತ್ತವೆ. ಫ್ರಾನ್ಸಿನ ಮಯ್ಯಾರ್ 1912ರಲ್ಲಿ ಇದನ್ನು ವಿವರಿಸಿದ್ದರಿಂದ ಅವನ ಹೆಸರೇ ಈ ಕ್ರಿಯೆಗೆ ನಿಂತಿದೆ. ನೀರಿನ ಅಣುಗಳು ಕಳಚಿಬಿದ್ದಂತೆ ಇಂಗಾಲದ ಸರದಲ್ಲಿ ಒಂದು ಬಿಟ್ಟು ಒಂದು ದ್ವಿಬಂಧ ಮೂಡುತ್ತದೆ. ಇಂಥ ಸಾಲು ಗಿಡ್ಡವಾಗಿದ್ದರೆ ಕಣ್ಣಿಗೆ ಬಣ್ಣವಿಲ್ಲ. ಹನ್ನೊಂದು ದ್ವಿಬಂಧಗಳ ಸಾಲಾದರೆ ಗಜ್ಜರಿಯ ಕೇಸರಿ. ಇನ್ನೂ ಬೆಳೆದು ಒಂದಕ್ಕೊಂದು ಹೆಣೆದುಕೊಂಡರೆ ಬೆಳಕಿನ ಎಲ್ಲ ಬಣ್ಣಗಳನ್ನೂ ನುಂಗಿ ಕಂದು, ಆಮೇಲೆ ಕಪ್ಪು. ಮೆಲನಾಯ್ಡಿನ್ ಎನ್ನುವ ಈ ವಸ್ತುಗಳಲ್ಲಿ ಇಂಗಾಲ ಒಂಟಿಯಲ್ಲ. ಸಾರಜನಕ, ಆಮ್ಲಜನಕ, ಜಲಜನಕ ಎಲ್ಲರ ಕೈಯನ್ನೂ ಹಿಡಿದೇ ಇದೆ. ಸುಮಾರು 200 ಡಿಗ್ರಿಯ ಆಸುಪಾಸಿನಲ್ಲಿ ಚಟಪಟ ಸದ್ದು ಬರುತ್ತದಲ್ಲ, ಅದು ಒಳಗಿನ ಹಬೆ ಮತ್ತು ಇಂಗಾಲದ ಡೈಆಕ್ಸೈಡು ಬೀಜವನ್ನು ಬಿರಿದು ಹೊರಬರುವ ಸದ್ದು. ಹುರಿದ ಬಳಿಕವೂ ಕೆಲವು ದಿನ ಈ ಅನಿಲ ಸೋರುತ್ತಲೇ ಇರುತ್ತದೆ, ಆದ್ದರಿಂದ ಒಳ್ಳೆಯ ಕಾಫಿ ಪೊಟ್ಟಣಕ್ಕೆ ಗಾಳಿ ಹೊರಗೆ ಮಾತ್ರ ಬಿಡುವ ಪುಟ್ಟ ಕವಾಟ ಇಡುತ್ತಾರೆ. ಪರಿಮಳದ ಬಹುಪಾಲು ಹುಟ್ಟುವುದೂ ಈ ಹೊತ್ತಿನಲ್ಲೇ. ಅದರ ಮುಖ್ಯ ಒಡೆಯ ಇಂಗಾಲ ಗಂಧಕವನ್ನು ಹಿಡಿದ ಇನ್ನೊಂದು ಅಣು, ಅಡುಗೆ ಅನಿಲದ ದುರ್ವಾಸನೆಯ ದೂರದ ನೆಂಟ. ಬಾಣಲೆಯನ್ನು ಮರೆತು ಇನ್ನೂ ಒಂದು ಗಂಟೆ ಬಿಟ್ಟರೆ ಮಾತ್ರ ಉಳಿದವರೆಲ್ಲ ಕೈಬಿಟ್ಟು ಹೋಗಿ ನಿಜವಾದ ಇದ್ದಿಲು ಸಿಗುತ್ತದೆ. ಅದನ್ನು ಸೋಸಿ ಕುಡಿಯಲಾಗದು.

ಈ ಗದ್ದಲದಲ್ಲೆಲ್ಲ ಹೆಚ್ಚುಕಡಿಮೆ ಹಾಗೇ ಉಳಿಯುವುದು ಕೆಫೀನ್. ಅದರ ಮಾದರಿಯನ್ನು ಮಗಳೇ ಕಟ್ಟಲಿ: ಇಂಗಾಲಕ್ಕೆ ಎಂಟು ಆಲೂಗಡ್ಡೆ, ಸಾರಜನಕಕ್ಕೆ ನಾಲ್ಕು ನಿಂಬೆಹಣ್ಣು, ಆಮ್ಲಜನಕಕ್ಕೆ ಎರಡು ಟೊಮೆಟೊ, ಜಲಜನಕಕ್ಕೆ ಹತ್ತು ಕಡಲೆಕಾಳು. ಪಠ್ಯದಲ್ಲಿಲ್ಲದಿದ್ದರೆ ಚಿತ್ರ ಮೊಬೈಲಿನಲ್ಲಿ ಸಿಗುತ್ತದೆ; ಆರರ ಉಂಗುರಕ್ಕೆ ಐದರ ಉಂಗುರವೊಂದು ಅಂಟಿಕೊಂಡಂತಿದೆ. ಅರೇಬಿಕಾಕ್ಕೂ ರೋಬಸ್ಟಾಕ್ಕೂ ಮಾದರಿ ಇದೇ, ರೋಬಸ್ಟಾದಲ್ಲಿ ಸುಮಾರು ಎರಡರಷ್ಟು ಇರುತ್ತದೆ ಅಷ್ಟೇ. ಆಲೂಗಡ್ಡೆಗೆ ನಾಲ್ಕು, ನಿಂಬೆಗೆ ಮೂರು, ಟೊಮೆಟೊಗೆ ಎರಡು, ಕಡಲೆಗೆ ಒಂದು ಕಡ್ಡಿ ಬರಲೇಬೇಕು. ಕಟ್ಟಿ ಮುಗಿದ ಮೇಲೆ ಒಟ್ಟು ಕಡ್ಡಿಗಳನ್ನು ಎಣಿಸಿ. 29 ಇದ್ದರೆ ಸರಿ. 25ಕ್ಕೇ ಮುಗಿದಿದ್ದರೆ ನಾಲ್ಕು ದ್ವಿಬಂಧಗಳನ್ನು ಮರೆತಿದ್ದಾಳೆ, ಇನ್ನೊಮ್ಮೆ ಹುಡುಕಲು ಹೇಳಿ.